ಖಾಲಿ ಕುರ್ಚಿಗೆ ತಂಪು

ಸಾಹೇಬರು ಬಂದಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಕುಮಟೆಯ ಆ ಸರ್ಕಾರಿ ಕಚೇರಿಗೆ ಬರುವ ಜನ ಯಾರನ್ನೂ ಕೇಳುತ್ತಿರಲಿಲ್ಲ. ಬಾಗಿಲ ಸಂದಿನಲ್ಲಿ ಇಣುಕುತ್ತಿದ್ದರು. ಒಳಗೆ ಫ್ಯಾನು ತಿರುಗುತ್ತಿದ್ದರೆ ಸಾಹೇಬರು ಇದ್ದಾರೆ, ಇಲ್ಲೇ ಎಲ್ಲೋ ಹೋಗಿದ್ದಾರೆ, ಈಗ ಬರುತ್ತಾರೆ. ಹಾಗೆ ನಂಬಿ ಬೆಂಚಿನ ಮೇಲೆ ಕೂರುತ್ತಿದ್ದರು.

ಫ್ಯಾನು ಹಾಕುವವನು ಜವಾನ ಮಾಬ್ಲ. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಸಾಹೇಬರ ಕೋಣೆಯ ದೀಪ, ಫ್ಯಾನು, ಎಸಿ ಎಲ್ಲವನ್ನೂ ಹಾಕಬೇಕು. ಸಾಹೇಬರು ಕಾರವಾರಕ್ಕೆ ಮೀಟಿಂಗಿಗೆ ಹೋಗಿರಲಿ, ರಜೆಯಲ್ಲಿರಲಿ, ಹಾಕಲೇಬೇಕು. ಕರೆಂಟು ಹೋದರೆ ಹಿಂಬದಿಯ ಡೀಸೆಲ್ ಜನರೇಟರು. "ಕೋಣೆ ಕತ್ತಲಿದ್ರೆ ಜನ ಕೂಗಾಡ್ತಾರೆ ಮಾರಾಯ. ಫ್ಯಾನ್ ತಿರುಗಿದ್ರೆ ಸುಮ್ನೆ ಕೂತ್ಕೊಳ್ತಾರೆ" ಎಂದು ಹೆಡ್ ಕ್ಲಾರ್ಕ್ ವಿಶ್ವನಾಥ ಬಹಳ ಹಿಂದೆಯೇ ಹೇಳಿಕೊಟ್ಟಿದ್ದರು. ಮಾಬ್ಲ ಎಂದೂ ತಪ್ಪಿಸಿರಲಿಲ್ಲ.

ಮಾಬ್ಲನ ಮನೆ ತದಡಿಯ ಹತ್ತಿರ, ಕಡಲ ದಂಡೆಯಲ್ಲಿ. ಅಪ್ಪನ ಕಾಲದಲ್ಲಿ ಮನೆಗೂ ನೀರಿಗೂ ನಡುವೆ ಬಲೆ ಹರವಿ ಒಣಗಿಸುವಷ್ಟು ಜಾಗವಿತ್ತು. ಅದರಾಚೆ ತೆಂಗಿನ ಸಾಲಿತ್ತು. ಈಗ ಎರಡೂ ಇಲ್ಲ. ಬಾವಿಯ ನೀರು ಉಪ್ಪಾಗಿದೆ. ಈ ಮಳೆಗಾಲದಲ್ಲಿ ತೆರೆ ಅಡುಗೆ ಕೋಣೆಯ ಗೋಡೆಯ ಬುಡಕ್ಕೇ ಬಂದು ಹೊಡೆಯುತ್ತಿತ್ತು. ಹೆಂಡತಿ ಸುಚಿತಾ ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿ ಜಗಲಿಯಲ್ಲಿಟ್ಟಿದ್ದಳು. ಮನೆ ಉಳಿಯುತ್ತದೋ ಇಲ್ಲವೋ? ಮಾಬ್ಲನ ತಲೆಯಲ್ಲಿ ಅದೊಂದೇ ಚಿಂತೆ. ಕಚೇರಿಯಲ್ಲೂ ಅದನ್ನೇ ಹೇಳುತ್ತಿದ್ದ.

ಒಂದು ದಿನ ಮಾಬ್ಲನ ಮನೆಯ ಹಿಂಬದಿಯಲ್ಲಿರುವ ನಾಗಿ, ತಾರಿ ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಕಚೇರಿಗೆ ಬಂದಳು. ದಂಡೆಗೆ ಕಲ್ಲು ಹಾಕಿಸಿಕೊಡಿ ಎಂದು ಕೇಳಲು ಬಂದವಳು. ಮೀನು ಮಾರಿ ಖಾಲಿಯಾಗದ ಬುಟ್ಟಿ ಜೊತೆಗೇ ಇತ್ತು.

"ಹೋ ಮಾಬ್ಲ, ಸಾಯ್ಬ್ರು ಬಂದಾರಲ್ಲ! ಫ್ಯಾನ್ ತಿರುಗ್ತದೆ."

ಮಾಬ್ಲನಿಗೆ ಅವಳ ಮುಖ ನೋಡಲಾಗಲಿಲ್ಲ. "ಕೂತ್ಕೊ ನಾಗಕ್ಕ" ಎಂದ.

ನಾಗಿ ಕೂತಳು. ಊಟದ ಹೊತ್ತು ದಾಟಿತು. ಹೊನ್ನಾವರದಿಂದ ಹೊಸದಾಗಿ ವರ್ಗವಾಗಿ ಬಂದ ಕ್ಲಾರ್ಕ್ ಭಾರತಿ ಹೊರಗೆ ಬಂದವಳು ನಿಂತು ಕೇಳಿದಳು. "ಎಂತಕ್ಕೆ ಕೂತಿದ್ದೀರಿ ಅಕ್ಕಾ? ಸಾಹೇಬ್ರು ಕಾರವಾರದಲ್ಲಿದ್ದಾರೆ. ಇವತ್ತು ಬರೂದಿಲ್ಲ."

ನಾಗಿ ಮಾಬ್ಲನನ್ನು ನೋಡಿದಳು. ಆಮೇಲೆ ಬಾಗಿಲು ತಳ್ಳಿ ಒಳಗೆ ನೋಡಿದಳು.

"ಅಯ್ಯಯ್ಯೋ, ಖಾಲಿ ಕುರ್ಚಿಗೆ ಇಷ್ಟು ತಂಪಾ! ನನ್ನ ಬುಟ್ಟಿನಾದ್ರೂ ಒಳಗೆ ಇಟ್ಕೊಳ್ಳಬಾರದಿತ್ತನೋ ತಮಾ? ಬೆಳಗಿಂದ ಮೀನು ಹಾಳಾಗೂದು ತಪ್ಪತಿತ್ತು."

ಬೆಂಚಿನಲ್ಲಿ ಕೂತವರೆಲ್ಲ ನಕ್ಕರು. ಮಾಬ್ಲ ನಗಲಿಲ್ಲ. ನಾಗಿ ಸೆರಗು ಕೊಡವಿ ಎದ್ದು ಹೋದಳು.

ಚಹಾದ ಹೊತ್ತಿನಲ್ಲಿ ಭಾರತಿ ಅವನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಮಾಬ್ಲಣ್ಣ, ಬೇಜಾರ್ ಮಾಡ್ಕೊಬೇಡಿ. ಕಚೇರಿಯಲ್ಲಿ ಕರೆಂಟು, ಡೀಸೆಲ್ಲು ಕಡಿಮೆ ಮಾಡೂದು ಹೇಗೆ ಅಂತ ನಮಗೊಂದು ತರಬೇತಿ ಆಗಿತ್ತು. ಬಹಳಷ್ಟು ಕರೆಂಟು ಬರೂದೇ ಕಲ್ಲಿದ್ದಲು ಸುಟ್ಟು. ಆ ಹೊಗೆ ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಆಗ್ತದೆ. ಬಿಸಿಲಿನ ಕಾವು ಹೊರಗೆ ಹೋಗೂದಿಲ್ಲ. ಕಡಲು ಕಾಯ್ತದೆ, ಕಾದ ನೀರು ಉಬ್ಬುತ್ತದೆ. ಎಲ್ಲೆಲ್ಲೋ ಇರುವ ಹಿಮವೂ ಕರಗಿ ಕಡಲಿಗೇ ಸೇರ್ತದೆ."

"ಅದಕ್ಕೂ ನಮ್ಮ ಒಂದು ಎಸಿಗೂ ಎಂತ ಸಂಬಂಧ ಮೇಡಂ? ಕಡಲು ನಮ್ಮ ಕಚೇರಿ ನೋಡ್ಕೊಂಡು ಬತ್ತದ್ಯಾ?"

"ಒಂದೇ ಎಸಿ ಅಲ್ಲ. ಪ್ರತಿ ತಾಲೂಕಲ್ಲೂ ಎಷ್ಟು ಕಚೇರಿ ಇದಾವೆ! ಇವತ್ತು ಕಾರವಾರದ ಮೀಟಿಂಗಿಗೆ ಭಟ್ಕಳದಿಂದ ಒಂದು ಜೀಪು, ಹೊನ್ನಾವರದಿಂದ ಒಂದು, ಇಲ್ಲಿಂದ ಒಂದು. ಮೂರರಲ್ಲೂ ಒಬ್ಬೊಬ್ಬರೇ ಸಾಹೇಬರು. ಹೆದ್ದಾರಿ ಒಂದೇ, ಹೋಗೂದೂ ಒಂದೇ ಜಾಗಕ್ಕೆ."

ಮಾಬ್ಲ ಲೋಟ ಕೆಳಗಿಟ್ಟ. "ಹಾಂಗಾರೆ ಒಂದು ಹೇಳಿ. ನಾಳಿಂದ ನಾ ಎಲ್ಲ ಬಂದ್ ಮಾಡ್ತೆ. ನನ್ನ ಮನೆ ಉಳೀತದ್ಯಾ?"

ಭಾರತಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ದಂಡೆ ಕೊರೆಯುವುದಕ್ಕೆ ಬೇರೆ ಕಾರಣಗಳೂ ಇವೆ ಎಂದು ಅವಳಿಗೆ ಗೊತ್ತಿತ್ತು. "ಇಲ್ಲ ಮಾಬ್ಲಣ್ಣ. ಉಳಿಯೂದಿಲ್ಲ ಅಂತ್ಲೇ ಕಾಣ್ತದೆ."

"ಮತ್ತೆ ಎಂತಕ್ಕೆ?"

"ನಿಮ್ಮ ಮನೆ ಹಿಂದೆ ನಾಗಕ್ಕನ ಮನೆ ಇದೆ. ಅದರ ಹಿಂದೆ ಶಾಲೆ ಇದೆ. ಅದಕ್ಕೆ."

ಮಾಬ್ಲ ಲೋಟ ತೊಳೆದಿಟ್ಟ. ಇದೆಲ್ಲ ಓದಿದವರ ಮಾತು ಎಂದುಕೊಂಡು ಸಂಜೆ ಬೀಗ ಹಾಕಿ ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ಕಡಲು ಉಬ್ಬಿ ಭರತದ ನೀರು ಏರಿ ಬಂತು. ಅಡುಗೆ ಕೋಣೆಯ ಗೋಡೆ ಸದ್ದೇ ಇಲ್ಲದೆ ಕೂತುಹೋಯಿತು. ಗಂಡ ಹೆಂಡತಿ ಗ್ಯಾಸ್ ಒಲೆ, ದೇವರ ಪಟ, ಬಟ್ಟೆಯ ಗಂಟು ಹೊತ್ತು ನಾಗಿಯ ಜಗಲಿಗೆ ಬಂದರು. ಸುಚಿತಾ ಅಳಲಿಲ್ಲ. ಗೋಡೆ ಇದ್ದ ಕಡೆಯೇ ನೋಡುತ್ತ ಕೂತಳು. ಸಾಹೇಬರಿಗೆ ಹೇಳಿಬರುತ್ತೇನೆಂದು ಮಾಬ್ಲ ಕಚೇರಿಗೆ ಹೋದ.

ಸಾಹೇಬರು ಅಂದೂ ಇರಲಿಲ್ಲ. ಮಾಬ್ಲ ಬೀಗ ತೆಗೆದು ಸ್ವಿಚ್ಚಿನ ಮುಂದೆ ನಿಂತ. ಕೈ ಏಳಲಿಲ್ಲ.

"ಹಾಕೋ, ಜನ ಬಂದ್ರು!" ಎಂದು ವಿಶ್ವನಾಥ ಗದರಿದರು.

"ಯಾರಿಗೆ ಹಾಕೂದು ಸರ್? ಒಳಗೆ ಯಾರದಾರೆ?"

"ನೀ ನಂಗೆ ಬುದ್ಧಿ ಹೇಳೂಕೆ ಬಂದ್ಯಾ?" ವಿಶ್ವನಾಥ ತಾವೇ ಕೈ ಚಾಚಿದರು.

"ನನ್ನ ಅಡುಗೆ ಕೋಣೆ ಹೋತು ಸರ್. ಈಗ ಬೆಳಿಗ್ಗೆ."

ವಿಶ್ವನಾಥರ ಕೈ ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು. ಭಾರತಿ ಒಂದು ಹಲಗೆಯ ಮೇಲೆ 'ಸಾಹೇಬರು ಇಂದು ಕಾರವಾರದಲ್ಲಿ, ನಾಳೆ ಸಿಗುತ್ತಾರೆ' ಎಂದು ಸೀಮೆಸುಣ್ಣದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದಳು. ಓದಿದವರು ಬೈದರು. ಆದರೆ ಬೈದು ಮನೆಗಾದರೂ ಹೋದರು. ಸಂಜೆಯವರೆಗೆ ಕಾಯಲಿಲ್ಲ.

ಮರುದಿನ ಸಾಹೇಬರು ಬಂದು ಎಲ್ಲವನ್ನೂ ಕೇಳಿದರು. ಹಲಗೆ ಇರಲಿ ಎಂದರು. ತಾವು ಒಳಗಿದ್ದಾಗ ಮಾತ್ರ ಎಸಿ, ಅದೂ ಇಪ್ಪತ್ತಾರು ಡಿಗ್ರಿಗೆ, ಎಂದರು. ಜೀಪಿನ ವಿಷಯ ತಮ್ಮ ಕೈಯಲ್ಲಿಲ್ಲ ಎಂದರು. ದಂಡೆಯ ಕಲ್ಲಿನ ವಿಷಯವೂ ಅಷ್ಟೆ.

ಮನೆಯ ಉಳಿದ ಭಾಗ ಆ ವಾರವೇ ಹೋಯಿತು. ಮಾಬ್ಲ, ಸುಚಿತಾ ಈಗ ಹಿರೇಗುತ್ತಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದಾರೆ.

"ನೀವು ಫ್ಯಾನ್ ಆಫ್ ಮಾಡಿ ಎಂತ ಆತು?" ಎಂದು ಸುಚಿತಾ ಒಮ್ಮೆ ಕೇಳಿದಳು.

"ನಮಗೆ ಎಂತದೂ ಆಗಲಿಲ್ಲ. ನಾಗಕ್ಕನ ಮನೆ ಇನ್ನೂ ಅಲ್ಲೇ ಅದೆ, ಅದಕ್ಕೆ."

ಮುಂದೊಂದು ದಿನ ಸುಚಿತಾ ವಿಳಾಸ ಬದಲಿಸಲು ಒಂದು ಕಚೇರಿಗೆ ಹೋದಾಗ, ಜನರಿಲ್ಲದ ಸಭಾಭವನದಲ್ಲಿ ಸಾಲು ದೀಪ ಉರಿಯುತ್ತಿರುವುದು ಕಂಡಿತು. "ಇದು ಯಾರಿಗೆ ಉರೀತದೆ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಒಬ್ಬರು ಗೊಣಗುತ್ತ ಎದ್ದು ಆರಿಸಿದರು.

ಓದುಗರೇ, ತಡವಾಗಿದೆ. ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ಸರಿಯಲ್ಲ. ಹೋದ ದಂಡೆ ನಮ್ಮ ಮಾತಿಗೆ ತಿರುಗಿ ಬರುವುದಿಲ್ಲ. ಆದರೆ ಇನ್ನೂ ನಿಂತಿರುವ ಮನೆಗಳಿವೆ. ನೀವು ಸರ್ಕಾರಿ ನೌಕರರಾಗಿದ್ದರೆ, ಕುರ್ಚಿ ಬಿಟ್ಟು ಏಳುವಾಗ ದೀಪ, ಫ್ಯಾನು ಆರಿಸಿ ಏಳಿ. ಒಂದೇ ಮೀಟಿಂಗಿಗೆ ಹೋಗುವವರು ಒಂದೇ ಗಾಡಿಯಲ್ಲಿ ಹೋಗಿ. ನಿಂತ ಜೀಪಿನ ಇಂಜಿನು ಬಂದ್ ಮಾಡಿಸಿ. ಕಾಗದದ ಎರಡೂ ಬದಿಯಲ್ಲಿ ಮುದ್ರಿಸಿ. ಕಚೇರಿಯ ಮಾಡಿನ ಮೇಲೆ ಸೌರ ಫಲಕ ಬೇಕೆಂದು ಮೇಲಿನವರಿಗೆ ಬರೆಯಿರಿ, ಉತ್ತರ ಬರದಿದ್ದರೆ ಮತ್ತೆ ಬರೆಯಿರಿ.

ನೀವು ಕೆಲಸಕ್ಕಾಗಿ ಕಚೇರಿಗೆ ಹೋಗುವವರಾಗಿದ್ದರೆ, ಸುಚಿತಾ ಕೇಳಿದ ಹಾಗೆ ಕೇಳಿ. ಹೆದರಬೇಡಿ. ಅಲ್ಲಿ ಉರಿಯುವ ಕರೆಂಟು ನಿಮ್ಮದು, ಡೀಸೆಲ್ಲು ನಿಮ್ಮದು. ಅದರ ಹೊಗೆಯೂ ಕೊನೆಗೆ ನಿಮ್ಮ ಮನೆಯ ಬಾಗಿಲಿಗೇ ಬರುವುದು.