ಗ್ವಾಡಿ ಈ ಕಡಿ ಐತ್ರಿ

"ಏ ಬೋಸುಡಿ, ಸಂಡಾಸ ನಿಮ್ಮಪ್ಪ ಕಟ್ಟಿಸ್ಯಾನೇನ? ಸ್ಟೇಷನ್‌ಗೆ ಹೋಗ!"

ಸೊಸೈಟಿಯ ಸೆಕ್ರೆಟರಿ ಶಿವಪುತ್ರಪ್ಪ ಸುಂದ್ರವ್ವನನ್ನು ಬೈದು, ವಾಚ್‌ಮನ್ನನ ಸಂಡಾಸಿಗೆ ಬೀಗ ಜಡಿದು, ಕೀಲಿ ಜೇಬಿಗಿಳಿಸಿ ಲಿಫ್ಟ್ ಹತ್ತಿದ. ಬೆಳಗಾವಿಯಿಂದ ಮುಂಬಯಿಗೆ ಬಂದು ಮುಲುಂಡಿನಲ್ಲಿ ಬಟ್ಟೆ ಅಂಗಡಿ ಇಟ್ಟವನು. 'ನಮ್ಮ ಕನ್ನಡದ ಮಂದಿ' ಎಂದು ಬಿಲ್ಡಿಂಗಿನ ಪೇಂಟಿಂಗ್ ಕೆಲಸಕ್ಕೆ ಸುಂದ್ರವ್ವನ ಗುಂಪನ್ನೇ ಕರೆಸಿದವನೂ ಅವನೇ. ಎಂಥಾ ನಮ್ಮವರೋ ಏನೋ!

ರೈಲ್ವೆ ಸ್ಟೇಷನ್ನಿನ ಸಂಡಾಸಿಗೆ ಅರ್ಧ ತಾಸಿನ ದಾರಿ, ಸುಂದ್ರವ್ವನಿಗೆ ಏಳನೇ ತಿಂಗಳು. ಕೆಳಗೆ ಗೋಡೆ ಕೆರೆಯುವ ಐವರು ಹೆಂಗಸರೂ ಮುಂಜಾನೆಯಿಂದ ನೀರು ಮುಟ್ಟಿರಲಿಲ್ಲ; ಕುಡಿದರೆ ಹೋಗಬೇಕಲ್ಲ! ಸುಂದ್ರವ್ವ ಗೋಡೆ ಹಿಡಿದು ತುಟಿ ಕಚ್ಚಿ ನಿಂತದ್ದನ್ನು ಕಂಡ ಕಾಶವ್ವ ಬಣ್ಣದ ಡಬ್ಬಿ ಹಿಡಿದು ಸೀದಾ ಟೆರೇಸಿಗೆ ಹತ್ತಿದಳು.

ಕಾಶವ್ವ ಹಗ್ಗದ ಜೂಲಾ ಹತ್ತುವ ಹೆಂಗಸು. ಟೆರೇಸಿನ ಮೇಲೆ ಗಂಡ ಅಣವೀರಪ್ಪ ಹಗ್ಗ ಸಡಿಲಿಸುತ್ತಿದ್ದರೆ, ಇವಳು ಕಚ್ಚೆ ಹಾಕಿ ಹಲಗೆಯ ಮೇಲೆ ಕುಳಿತು, ಹರಳುಹರಳಾದ ಗಿಲಾವಿಗೆ ವಾಟರ್‌ಪ್ರೂಫ್ ಬಣ್ಣ ಹಚ್ಚುತ್ತ ಇಳಿಯುವಳು.

"ಇಳಸ್ರೀ! ಇನ್ನ ಇಳಸ್ರೀ! ಹಾಂ, ಇಲ್ಲೇ ಕಟ್ರಿ!"

ಮೂರನೇ ಮಹಡಿ. ಎದುರಿಗೆ ಸೆಕ್ರೆಟರಿ ಮನೆಯ ಸಂಡಾಸಿನ ಕಿಟಕಿ. ಬಣ್ಣ ಸಿಡಿಯಬಾರದೆಂದು ಕಿಟಕಿಯ ಅಡ್ಡಗಾಜಿನ ಪಟ್ಟಿ ಮೊದಲು ತೆಗೆಯುವುದು ಕೆಲಸದ ರಿವಾಜು. ಕಾಶವ್ವ ಒಂದೊಂದಾಗಿ ಎಲ್ಲ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಚೌಕಟ್ಟಿಗೆ ಬಣ್ಣ ಹಚ್ಚಿ ಕಾದು ಕುಳಿತಳು. ಆ ಮನೆಗೆ ಇದ್ದದ್ದು ಅದೊಂದೇ ಸಂಡಾಸು.

ಹತ್ತು ನಿಮಿಷವೂ ಆಗಿರಲಿಲ್ಲ, ಶಿವಪುತ್ರಪ್ಪ ಲಾಡಿ ಬಿಚ್ಚುತ್ತಲೇ ಓಡಿಬಂದ.

"ಏ! ಇಲ್ಲೇನ ಮಾಡಾಕತ್ತಿ?"

"ಪೇಂಟ್ ರೀ ಸಾಹೇಬ್ರ. ಮೂಲಿ ಮೂಲಿ ತುಂಬಿ ಹಚ್ಚಬೇಕಲ್ರಿ."

"ಗಾಜ ಹಾಕ!"

"ಒಣಗಬೇಕ್ರಿ, ನಾಕ ತಾಸು. ಆಮ್ಯಾಲ ಎರಡನೇ ಕೋಟ್."

"ಮಾರಿಯರ ಆ ಕಡಿ ತಿರುಗಸ!"

"ಹೆಂಗ ತಿರುಗಸ್ಲಿ? ಗ್ವಾಡಿ ಈ ಕಡಿ ಐತ್ರಿ!"

ಕೆಳಗೆ ಹೆಂಗಸರು ಬಿದ್ದು ಬಿದ್ದು ನಕ್ಕರು. ಮೇಲಿಂದ ಅಣವೀರಪ್ಪ, "ಕಾಶೀ, ಹಗ್ಗ ಬಿಡ್ಲೇನ?" ಎಂದ. "ಗಟ್ಟಿ ಕಟ್ರಿ! ಇನ್ನ ಭಾಳ ಕೆಲಸ ಐತಿ!"

ಶಿವಪುತ್ರಪ್ಪ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯತೊಡಗಿದ. ಮುಖ ಬೆವೆತಿತು.

"ಅರ್ಜೆಂಟ್ ಐತವಾ ತಂಗೀ, ಕೈ ಮುಗೀತೀನಿ..."

"ಸುಂದ್ರವ್ವಗೂ ಅರ್ಜೆಂಟ್ ಐತ್ರಿ ಯಣ್ಣಾ. ಕೀಲಿ ವಗೀರಿ."

ಕೀಲಿ ಕಿಟಕಿಯಿಂದ ಹಾರಿ ಅಂಗಳಕ್ಕೆ ಬಿತ್ತು. ಸುಂದ್ರವ್ವ ಬೀಗ ತೆಗೆದು ಚಿಲಕಕ್ಕೆ ಸಿಗಿಸಿ ಒಳಗೆ ನುಗ್ಗಿದಳು. ಹೊರಬಂದವಳು ಎರಡೂ ಕೈ ಮೇಲೆತ್ತಿ, "ಯಕ್ಕಾ, ಜೀವಾ ಬಂತ!" ಎಂದು ಕೂಗಿದಳು. ಕಾಶವ್ವನಿಗೆ ನಗು ತಡೆಯಲಿಲ್ಲ, ಕಣ್ಣೂ ತುಂಬಿತು. ಆಗಲೇ ಗಂಡನಿಂದ ಹಗ್ಗ ಸಡಿಲಿಸಿಕೊಂಡು ಕೆಳಗಿಳಿದಳು.

ಅರ್ಧ ತಾಸಿಗೆ ಶಿವಪುತ್ರಪ್ಪ ಹಗುರಾಗಿ ಬಾಲ್ಕನಿಗೆ ಬಂದ. "ನಾಳಿಂದ ಮತ್ತ ಬೀಗ ಜಡೀತೀನಿ, ನೋಡಕೋ ರಂಡೆ!"

ಕಾಶವ್ವ ಆಗಷ್ಟೇ ತನ್ನ ಸರದಿ ಮುಗಿಸಿ ಹೊರಬಂದಿದ್ದಳು. ಚಿಲಕದಿಂದ ಬೀಗ ತೆಗೆದು, ಗೋಡೆಯ ಬಿರುಕಿಗೆ ತುಂಬುವ, ಒಣಗಿದರೆ ಕಲ್ಲಾಗುವ ಪೇಸ್ಟನ್ನು ಬೆರಳ ತುಂಬ ಎತ್ತಿ, ಅವನು ನೋಡುತ್ತಿದ್ದಂತೆಯೇ ಕೀಲಿಯ ತೂತಿಗೆ, ಕೊಂಡಿಯ ತೂತಿಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು. ಆಮೇಲೆ ಅದನ್ನು ಕಟ್ಟೆಯ ಮೇಲೆ, ಚೆನ್ನಾಗಿ ಬಿಸಿಲು ಬೀಳುವಲ್ಲಿ ಒಣಗಲು ಇಟ್ಟಳು.