ಗಿಡ್ಡಮ್ಮ ಹೆಸರು ಹೇಳದ ಸೊಪ್ಪು

೧
ಇಲಿಗಳಿಂದ ಶುರು ಮಾಡಲೋ, ಗಿಡ್ಡಮ್ಮನಿಂದಲೋ? ಓದುಗರೇ, ಈ ಯೋಚನೆಯಲ್ಲೇ ಮೂರು ಹಾಳೆ ಹರಿದಿದ್ದೇನೆ. ಇಲಿಗಳೇ ಇರಲಿ. ಅವು ನನ್ನ ಜೊತೆ ವಾದ ಮಾಡುವುದಿಲ್ಲ.

೧೯೮೨. ಹನ್ನೆರಡು ಬಿಳಿ ಇಲಿಗಳು. ಕೆಮಿಸ್ಟ್ರಿ ಲೆಕ್ಚರರ್ ನಾಗೇಂದ್ರಪ್ಪ ತನ್ನ ಪಿಎಚ್.ಡಿ.ಗೋಸ್ಕರ ಅವುಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಲಿವರ್ ಕೆಡಿಸಿದ್ದ. ಹಡಗಲಿ ಕಡೆಯ ಮಾಗಳ ಊರಿನ ನಾಟಿ ವೈದ್ಯೆ ಗಿಡ್ಡಮ್ಮ ಕಾಮಣಿಗೆ, ಅಂದರೆ ಕಾಮಾಲೆಗೆ, ಕೊಡುವ ಸೊಪ್ಪಿನ ಪುಡಿ ಕುಡಿಸಿ ಅದನ್ನು ರಿಪೇರಿ ಮಾಡಬೇಕಿತ್ತು. ಪುಡಿಯಲ್ಲಿ ಆಲ್ಕಲಾಯ್ಡ್ ಇತ್ತು, ಫ್ಲೇವನಾಯ್ಡ್ ಇತ್ತು, ಟ್ಯಾನಿನ್ನೂ ಇತ್ತು. ಇಲ್ಲದ್ದು ಒಂದೇ, ಗಿಡದ ಹೆಸರು. ಹೆಸರಿಲ್ಲದ ಥೀಸಿಸ್ ತಂದರೆ ಮುಟ್ಟುವುದಿಲ್ಲ ಎಂದು ಗೈಡ್ ಹೇಳಿಯಾಗಿತ್ತು. ಥೀಸಿಸ್ ಕೊಡಲು ಸೋಮವಾರ ಕೊನೆಯ ದಿನ.

(ಇಲಿಗಳಿಗೂ ಹೆಸರಿಡೋಣ ಎಂದಿದ್ದೆ. ಅಷ್ಟರಲ್ಲಿ ಏಳು ಸತ್ತವು. ಬಿಟ್ಟೆ.)

೨
ಇಲ್ಲಿ ಹಡಗಲಿ ಮಲ್ಲಿಗೆ, ತುಂಗಭದ್ರೆಯ ಅಲೆ ಎಂದೆಲ್ಲ ಒಂದು ಪುಟ ಬರೆದಿದ್ದೆ. ಚೆನ್ನಾಗಿಯೇ ಇತ್ತು. ನಾಗೇಂದ್ರಪ್ಪನಿಗೆ ಅವಸರವಿತ್ತು, ಹರಿದೆ.

೨ (ಮತ್ತೆ)
ಶನಿವಾರ. ಅವನು ಬರುವುದನ್ನು ಕಂಡು ಗಿಡ್ಡಮ್ಮ ಸೊಪ್ಪನ್ನು ಗುರುತು ಸಿಗದ ಹಾಗೆ ಬೇಗ ಬೇಗ ಅರೆದಳು.

"ಯವ್ವಾ, ಏಳು ಇಲಿ ಸತ್ತುವು."

"ಪಥ್ಯ ಮಾಡಿದ್ವೇನು?"

"ಇಲಿಗೇನು ಪಥ್ಯ ಬೇ!"

"ಉಪ್ಪು, ಎಣ್ಣಿ, ಖಾರ ಬಿಟ್ಟಿದ್ವೋ ಇಲ್ಲೋ?"

ಇಲಿಗಳ ಆಹಾರ ಮುಗಿದ ಮೇಲೆ ಅವನು ಹಾಕಿದ್ದು ಹಾಸ್ಟೆಲ್ಲಿನಲ್ಲಿ ಉಳಿದ ಒಗ್ಗರಣೆ ಮಂಡಕ್ಕಿ. ಸೈನ್ಸ್ ತಲೆ ತಗ್ಗಿಸಿತು.

"ಗಿಡದ ಹೆಸರು ಹೇಳು ಯವ್ವಾ, ಕಾಲಿಗೆ ಬೀಳ್ತೀನಿ."

"ಹೆಸರು ಹೇಳಿದ್ರ ಔಷಧಿ ಹತ್ತಂಗಿಲ್ಲ ತಮ್ಮಾ." ಅವಳು ಅವನ ಕಣ್ಣರೆಪ್ಪೆ ಎಳೆದು ನೋಡಿದಳು. "ನಿನಗಾ ಕಾಮಣಿ ಆಗೈತಿ."

ಎಂಟು ದಿನದಿಂದ ಊಟ ಸೇರದ್ದಕ್ಕೆ ಅವನು ಥೀಸಿಸ್ಸನ್ನು ಬೈದುಕೊಂಡಿದ್ದ. ಈಗ ಹೆದರಿದ. ಏಳು ಇಲಿಗಳೂ ಒಟ್ಟಿಗೆ ನೆನಪಾದವು.

"ಹೆಸರು ಬೇಕಂದ್ರ ಹೇಳ್ತೀನಿ. ಔಷಧಿ ಬೇಕಂದ್ರ ಬಾಯಿ ತೆಗಿ. ಎರಡೂ ಸಿಗಂಗಿಲ್ಲ."

೩
ಮೊದಲನೇ ಮುಕ್ತಾಯ: ಅವನು ಹೆಸರು ಕೇಳಿ, ಬರೆದು, ಡಾಕ್ಟರ್ ನಾಗೇಂದ್ರಪ್ಪನಾದ. ಹಳದಿ ಡಾಕ್ಟರ್.

"ನೀವೇನ್ರಿ ಸಾರ್, ಕುಂತು ಬರಿಯೋರು," ಎಂದು ಅವನು ನನ್ನ ಮೇಲೆ ರೇಗಿದ. "ಲಿವರ್ ನಂದೈತಿ."

ಸರಿ, ಹೊಡೆದು ಹಾಕಿದೆ.

ಎರಡನೇ ಮುಕ್ತಾಯ: ಆಲ್ಕಲಾಯ್ಡ್‌ಗೆ ಕಿವಿ ಇಲ್ಲ ಎಂದು ಕ್ಲಾಸಿನಲ್ಲಿ ಪಾಠ ಮಾಡಬಲ್ಲ ನಾಗೇಂದ್ರಪ್ಪ ಬಾಯಿ ತೆಗೆದ. ಗಿಡ್ಡಮ್ಮ ಸೊಪ್ಪಿನ ರಸ ಹಿಂಡಿದಳು. ಔಷಧಿ ಮೂರು ದಿನ. ಅಂದರೆ ಸೋಮವಾರದ ತನಕ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಒರಳಿನ ಪಕ್ಕ ಒಂದು ಎಲೆ ಅರೆಯದೆ ಉಳಿದುಬಿಟ್ಟಿದೆ, ಅದನ್ನು ನಾನು ನೋಡಿದ್ದೇನೆ. ಅದರ ಹೆಸರೂ ನನಗೆ ಗೊತ್ತು. ಒಂದು ಪದ ಬರೆದರೆ ಸಾಕು, ಅವನ ಪಿಎಚ್.ಡಿ.ಯ ನಾಲ್ಕು ವರ್ಷ ಉಳಿಯುತ್ತದೆ. ಪೆನ್ನು ಎತ್ತಿದೆ.

"ಏ ಬರಿಯಾಂವಾ!" ಗಿಡ್ಡಮ್ಮ ಗದರಿದಳು.

ಕಟ್ಟೆಯ ಮೇಲೆ ಉಪ್ಪಿಲ್ಲದ ಮಜ್ಜಿಗೆ ಅನ್ನ ಉಣ್ಣುತ್ತಿದ್ದ ನಾಗೇಂದ್ರಪ್ಪ ಎರಡೂ ಕೈ ಮುಗಿದ. "ಬರೀಬ್ಯಾಡ್ರಿ ಸಾರ್. ಇನ್ನಾ ಎರಡು ದಿನದ್ದು ಔಷಧಿ ಐತಿ."

ಗಿಡದ ಹೆಸರು: ....................

ಗೊತ್ತಿದ್ದವರು ಮನಸ್ಸಿನಲ್ಲೇ ತುಂಬಿಕೊಳ್ಳಿ. ದಯವಿಟ್ಟು ಜೋರಾಗಿ ಓದಬೇಡಿ, ಅವನು ಇಲ್ಲೇ ಕೂತಿದ್ದಾನೆ.