ಕಾಲುವೆಯಾಚೆಯ ಚುಕ್ಕೆ

ನಕ್ಷೆಯ ಮೇಲೆ ಆ ಓಣಿ ಅಚ್ಚ ಬಿಳಿಯಾಗಿತ್ತು. ನಕ್ಷೆ ಬಿಡಿಸಿದವಳು ಅವಳೇ. ಆರೋಗ್ಯ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ರೋಗಿಗಳ ವಿಳಾಸಗಳನ್ನು ಚುಕ್ಕೆಗಳಾಗಿಸುವುದೇ ಅವಳ ಕೆಲಸ. ಕಾಮಾಲೆಯ ಚುಕ್ಕೆಗಳು ಎಲ್ಲಿ ದಟ್ಟವೋ ಅಲ್ಲಿಗೆ ಮೊದಲು ಹೊಸ ನೀರಿನ ಪೈಪು. ಕಾಲುವೆಯಾಚೆಯ ಆ ಓಣಿ, ಅವಳ ಅಕ್ಕ ಬದುಕಿ ಸತ್ತ ಓಣಿ, ಪೈಪಿನ ಪಟ್ಟಿಯ ಕೊನೆಗೆ ಬಿದ್ದಿತ್ತು.

ಅಕ್ಕನ ಪಕ್ಕದ ಮನೆಯ ಟೈಲರಮ್ಮ ಕಚೇರಿಗೇ ಬಂದು ಎದುರು ಕೂತಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ನಮ್ಮ ಓಣೀಲಿ ಒಬ್ಬರಿಗೂ ಕಾಮಾಲೆ ಇಲ್ವಂತೆ. ಎಲ್ಲಾ ಗುಂಡುಕಲ್ಲಿನ ಹಾಗಿದೀವಂತೆ. ಹಾಗಾದ್ರೆ ನಿಮ್ಮಕ್ಕ ಏನು, ನೆಗಡಿ ಬಂದು ಹೋದ್ಲಾ?"

"ಆಸ್ಪತ್ರೆಯವರು ಕೊಟ್ಟ ವಿಳಾಸಾನೇ ನಾನು ಹಾಕೋದು. ನಿಮ್ಮ ಓಣಿದು ಒಂದೂ ಬಂದಿಲ್ಲ."

"ಎಲ್ಲಿಂದ ಬರುತ್ತೆ ತಾಯಿ? ಮನೆಗೆ ಬಂದು ರೋಗಿ ನೋಡೋ ನರ್ಸ್ ಕಾಲುವೆ ದಾಟಿ ಬರಲ್ಲ. ಅದಕ್ಕೇ ನಾನು ಮಗಳ ಮನೆ ವಿಳಾಸ ಕೊಟ್ಟೆ. ಎದುರುಮನೆಯವಳು ಅವಳ ತಮ್ಮನ ಮನೇದು ಕೊಟ್ಲು. ಎಲ್ಲಾರೂ ಹಾಗೇ. ನಿಮ್ಮಕ್ಕಂದು ಯಾರು ಬರೆಸಿದ್ರೋ."

ಕಾಮಾಲೆ ಕಾಣಿಸಿದ ದಿನ ಆಸ್ಪತ್ರೆಯ ಕಿಟಕಿಯ ಮುಂದೆ ಅಕ್ಕ ಇವಳ ಭುಜಕ್ಕೆ ಒರಗಿ ನಿಂತಿದ್ದಳು. ಗುಮಾಸ್ತ ವಿಳಾಸ ಕೇಳಿದ. ಅಕ್ಕ ಬಾಯಿ ತೆರೆಯುವ ಮೊದಲೇ ಇವಳು ತನ್ನ ಮನೆಯದನ್ನು ಹೇಳಿದ್ದಳು.

"ಅಂತೂ ನನ್ನ ನಿನ್ನ ಮನೆಗೆ ಸೇರಿಸ್ಕೊಂಡೆ ನೋಡು," ಎಂದು ಅಕ್ಕ ಹಳದಿ ಕಣ್ಣಲ್ಲೇ ನಕ್ಕಿದ್ದಳು.

ನಿಜಕ್ಕೂ ಕರೆತರುವ ಮನಸ್ಸೇ ಇತ್ತು. ಮಗಳ ಪರೀಕ್ಷೆ ಮುಗಿಯಲಿ, ಹಿಂದಿನ ಕೋಣೆ ಖಾಲಿಯಾಗಲಿ ಎಂದು ನಾಳೆಗೆ ನಾಳೆ ಸೇರಿಸುತ್ತಾ ಹೋದಳು. ಅಕ್ಕ ಓಣಿಯಲ್ಲೇ ಉಳಿದಳು, ಅದೇ ನೀರು ಕುಡಿದಳು. ನರ್ಸ್ ಎರಡು ಸಲ ಇವಳ ಮನೆಗೆ ಬಂದು ಬೀಗ ನೋಡಿ ಹೋಗಿದ್ದಳು. ಇವಳು ಆಗ ಇದೇ ಕುರ್ಚಿಯಲ್ಲಿ ಕೂತು ನಕ್ಷೆ ತಿದ್ದುತ್ತಿದ್ದಳು. ಓಣಿಯವರ ನೆಂಟರ ಮನೆಗಳಿದ್ದ, ಆಸ್ಪತ್ರೆಯ ಸುತ್ತಲಿನ ಬೀದಿಗಳೆಲ್ಲ ಚುಕ್ಕೆಗಳಿಂದ ಕೆಂಪಾದವು. ಇವಳ ಬೀದಿಗೆ ಹೋದ ತಿಂಗಳು ಹೊಸ ಪೈಪು ಬಂತು.

"ಏನಮ್ಮ, ಬಾಯಿಗೆ ಹೊಲಿಗೆ ಹಾಕ್ಕೊಂಡ್ರಾ?"

ಅವಳು ಡ್ರಾಯರಿನಿಂದ ತಿದ್ದುಪಡಿ ಫಾರಂಗಳ ಕಟ್ಟು ತೆಗೆದಳು. "ಒಂದೊಂದೇ ಮನೆ ಹೇಳಿ. ಮೊದಲು ಯಾರದು ಬರೀಲಿ?"

"ನಿಮ್ಮಕ್ಕಂದೇ ಬರೀರಿ. ಅವಳು ಎಲ್ಲಿದ್ಲು ಅಂತ ನಾನು ಹೇಳಬೇಕಾ?"

ಸರಿಯಾದ ವಿಳಾಸವನ್ನು ನಿಧಾನವಾಗಿ ತುಂಬಿದಳು. ಅದರ ಕೆಳಗೆ ಇನ್ನೊಂದು ಸಾಲಿತ್ತು: ತಪ್ಪು ವಿಳಾಸ ಕೊಟ್ಟವರು ರೋಗಿಗೆ ಏನಾಗಬೇಕು? ಎಷ್ಟೋ ಫಾರಂಗಳಲ್ಲಿ ಅವಳು ಓದದೆ ದಾಟಿದ್ದ ಸಾಲು.

'ತಂಗಿ' ಎಂದು ಬರೆದಳು. ಆಮೇಲೆ ಪರದೆಯ ಮೇಲೆ, ತನ್ನ ಮನೆಯ ಮೇಲಿದ್ದ ಚುಕ್ಕೆಯನ್ನು ಹಿಡಿದು ಕಾಲುವೆ ದಾಟಿಸಿದಳು.